ಹೇಳದೆ ಉಳಿದ ಎರಡು ಅಂಕಿ

ನಾನು ನಿಂತಿದ್ದುದು ರೇಖಾಳ ಕುರ್ಚಿಯ ಹಿಂದೆ, ಅವಳ ಬಲ ಹೆಗಲಿನಿಂದ ಒಂದು ಮೊಳ ದೂರದಲ್ಲಿ. ಸ್ಥಳ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ನಮ್ಮ ಟ್ಯಾಕ್ಸ್ ಆಫೀಸು. ದಿನ, ಜುಲೈ ಮೂವತ್ತೊಂದು. ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಕೊನೆಯ ದಿನ. ಗೋಡೆಯ ಗಡಿಯಾರ ಹನ್ನೊಂದು ನಲವತ್ತು ತೋರಿಸುತ್ತಿತ್ತು. ಅದು ನಾಲ್ಕು ನಿಮಿಷ ಮುಂದೆ ಓಡುತ್ತಿದ್ದುದರಿಂದ ನಿಜವಾದ ಸಮಯ ಬೆಳಗಿನ ಹನ್ನೊಂದು ಮೂವತ್ತಾರು.

ಮೇಜಿನ ಆಚೆ ಸುಜಾತಮ್ಮ ಕೂತಿದ್ದರು. ಸಿದ್ದಾಪುರದವರು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ಹತ್ತೊಂಬತ್ತು ವರ್ಷದಿಂದ ನಮ್ಮ ಕಕ್ಷಿದಾರರು. ರೇಖಾ ಅವರ ರಿಟರ್ನ್ ಸಿದ್ಧಮಾಡಿ ಮುಗಿಸಿದ್ದಳು. ಇನ್ನು ಉಳಿದದ್ದು ಒಂದೇ: ಸುಜಾತಮ್ಮನ ಫೋನಿಗೆ ಬಂದಿದ್ದ ಆರು ಅಂಕಿಯ ಒಟಿಪಿಯನ್ನು ಅವರು ಹೇಳಬೇಕು, ಇವಳು ಒತ್ತಬೇಕು. ಒತ್ತಿದರೆ ರಿಟರ್ನ್ ಸರ್ಕಾರಕ್ಕೆ ಹೋಯಿತು, ಅದು ಅವರ ಸಹಿಗೆ ಸಮ.

ಅವರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಫೋನ್ ನೋಡಿ ಹೇಳಿದರು, ‘ಏಳು. ಒಂದು. ಒಂಬತ್ತು. ನಾಲ್ಕು.’

ಅಲ್ಲಿಗೆ ನಿಲ್ಲಿಸಿದರು. ಇನ್ನೆರಡು ಅಂಕಿ ಹೇಳಲಿಲ್ಲ.

ಹೇಳಿಬಿಟ್ಟಿದ್ದರೆ, ಜೀವಮಾನದ ದುಡಿಮೆಯಲ್ಲಿ ಅವರೂ ಅವರ ಗಂಡನೂ ಕೊಂಡಿದ್ದ ಒಂದೇ ಒಂದು ಸೈಟನ್ನು ತಾವೇ ಮಾರಿದ್ದು ಹೌದೆಂದು ಒಪ್ಪಿಕೊಂಡ ಕಾಗದಕ್ಕೆ ಅವರದೇ ಸಹಿ ಬಿದ್ದಂತಾಗುತ್ತಿತ್ತು. ಅವರು ಮಾರಿರಲಿಲ್ಲ. ಮಾರಾಟವಾಗಿದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಗಬೇಕಿತ್ತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಓದಲಿ ಎಂದು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕೈಯಲ್ಲಿದ್ದುದು ಕಾರ್ಬನ್ ಹಾಳೆ ಮತ್ತು ನೀಲಿ ಶಾಯಿಯ ಪೆನ್ನು. ಆಫೀಸಿನ ಯಜಮಾನರು ರುದ್ರಪ್ಪ ಸಾರ್. ನಾವು ಮೂರು ಪ್ರತಿ ಬರೆದು, ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು, ಸ್ವೀಕೃತಿಯ ಮುದ್ರೆ ಬೀಳುವ ‘ಧಡ್’ ಸದ್ದು ಕೇಳಿದ ಮೇಲೇ ಕಾಫಿ ಕುಡಿಯುತ್ತಿದ್ದೆವು. ಆ ಸದ್ದಿಗೆ ಈಗಲೂ ನನ್ನ ಮೈ ಹಗುರಾಗುತ್ತದೆ. ಬ್ಯಾಂಕಿನಲ್ಲಿ ಯಾರಾದರೂ ಸೀಲು ಒತ್ತಿದರೆ ತಿರುಗಿ ನೋಡುತ್ತೇನೆ.

ಸೇರಿದ ಎರಡನೆಯ ವರ್ಷ ನಾನು ಮಾಡಿದ ಎಡವಟ್ಟು ಇದು. ತಿಲಕ್ ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಣ್ಣತಮ್ಮಂದಿರು ನಮ್ಮಲ್ಲಿಗೆ ಬರುತ್ತಿದ್ದರು. ಅಂಗಡಿಗಳು ಎದುರುಬದುರು, ಮಾತು ಬಿಟ್ಟು ಏಳು ವರ್ಷ. ನಾನು ಅಣ್ಣನ ಬ್ಯಾಂಕ್ ವಿವರವನ್ನು ತಮ್ಮನ ಫಾರಂಗೆ, ತಮ್ಮನದನ್ನು ಅಣ್ಣನ ಫಾರಂಗೆ ಬರೆದಿದ್ದೆ. ಕಳಿಸುವ ಮುಂಚೆ ಇಬ್ಬರನ್ನೂ ಬೇರೆ ಬೇರೆ ದಿನ ಕರೆಸಿ ಪೂರ್ತಿ ಓದಿ ಹೇಳಿದ್ದೆ. ಇಬ್ಬರೂ ಪ್ರತಿ ಸಾಲಿಗೂ ‘ಹೂಂ’ ಅಂದಿದ್ದರು. ಅಣ್ಣನಿಗೆ ಬರಬೇಕಾದ ರೀಫಂಡು ತಮ್ಮನಿಗೆ ಹೋಯಿತು. ತಮ್ಮ ಅದನ್ನು ದೇವರು ಕೊಟ್ಟದ್ದೆಂದು ಇಟ್ಟುಕೊಂಡ. ಅಣ್ಣ ಆಫೀಸಿಗೆ ಬಂದು ನನ್ನ ಮೇಜಿನ ಮೇಲೆ ಟೋಪಿ ಬಿಸಾಕಿ, ನನ್ನ ಏಳು ವರ್ಷದ ಜಗಳಕ್ಕೆ ನೀನು ಬಡ್ಡಿ ಹಾಕಿದೆಯಲ್ಲ ಎಂದು ಬೈದ.

ಅವನು ಹೋದ ಮೇಲೆ ನಾನು ರುದ್ರಪ್ಪ ಸಾರ್ ಹತ್ತಿರ, ಇಬ್ಬರೂ ಹೂಂ ಅಂದಿದ್ದರು, ನಾನೇನು ಮಾಡಲಿ ಎಂದೆ.

ಸಾರ್ ಸಿಟ್ಟಾಗಲಿಲ್ಲ. ‘ಅವರು ಹೂಂ ಅಂದಿದ್ದು ನಿನ್ನ ಮರ್ಯಾದೆಗೆ ಕಣಯ್ಯ ಬಸವರಾಜು. ಫಾರಂಗಲ್ಲ,’ ಅಂದರು.

ಆವತ್ತಿನಿಂದ ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಶುರುವಾಯಿತು. ಕೊನೆಯ ತಪಾಸಣೆಯಲ್ಲಿ ಕಕ್ಷಿದಾರರನ್ನು ಎದುರಿಗೆ ಕೂರಿಸಿ ಪ್ರತಿಯೊಂದು ಸಾಲನ್ನೂ ಓದಬೇಕು. ಅವರು ‘ಹೂಂ’, ‘ಸರಿ’, ‘ನೀವ್ ಹೇಳಿದ್ಮೇಲೆ ಆಯ್ತು’ ಎಂದರೆ ಲೆಕ್ಕಕ್ಕಿಲ್ಲ. ‘ನನ್ನದು’ ಎನ್ನಬೇಕು. ಬ್ಯಾಂಕ್ ಖಾತೆ, ಬಡ್ಡಿ, ಪಿಂಚಣಿ, ಬಾಡಿಗೆ, ಕಡಿತವಾದ ತೆರಿಗೆ, ಪ್ರತಿಯೊಂದಕ್ಕೂ ‘ನನ್ನದು’. ‘ನನ್ನದು’ ಎನ್ನುವ ಮಾತು ಬಾಯಿಂದ ಬರಬೇಕಾದರೆ ಮನುಷ್ಯ ಒಂದು ಕ್ಷಣ ಯೋಚಿಸುತ್ತಾನೆ. ಆ ಒಂದು ಕ್ಷಣಕ್ಕಾಗಿಯೇ ಆ ಪದ್ಧತಿ.

ಅದರ ತಮಾಷೆಗಳು ಹೇಳಿ ಮುಗಿಯುವುದಿಲ್ಲ. ಬನಶಂಕರಿಯ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಎದ್ದು ನಿಂತು, ಹಾಜರಿ ಹೇಳುವ ಹಾಗೆ ಗಟ್ಟಿಯಾಗಿ ‘ನನ್ನದು’ ಎನ್ನುತ್ತಿದ್ದರು. ಇನ್ನೊಂದು ದಂಪತಿ ಒಂದೇ ಠೇವಣಿಗೆ ಒಟ್ಟಿಗೇ ‘ನನ್ನದು’ ಎಂದು, ಆಮೇಲೆ ಅರ್ಧ ಗಂಟೆ ನಮ್ಮ ಬೆಂಚಿನ ಮೇಲೆ ಕೂತು ಅದನ್ನು ತೀರ್ಮಾನ ಮಾಡಿಕೊಂಡರು. ಹೆಂಡತಿಗೆ ಹೇಳದೆ ಖಾತೆ ತೆರೆದಿದ್ದ ಒಬ್ಬರು ಆ ಸಾಲಿಗೆ ಎಷ್ಟು ಮೆತ್ತಗೆ ‘ನನ್ನದು’ ಅಂದರೆಂದರೆ ನಾನು ಮತ್ತೆ ಕೇಳಬೇಕಾಯಿತು. ಮತ್ತೆ ಕೇಳಿದ್ದು ತಪ್ಪಾಯಿತು, ಹೆಂಡತಿ ಪಕ್ಕದಲ್ಲೇ ಇದ್ದರು.

ಸುಜಾತಮ್ಮ ಮೊದಲ ವರ್ಷ ಬಂದಾಗ ಈ ಪದ್ಧತಿ ಕಂಡು ನಗಲಿಲ್ಲ. ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗುವ ಮುಂಚೆ ನಾವೂ ಹೀಗೇ ಮಾಡುತ್ತಿದ್ದೆವು ಎಂದರು. ನೀವು ಲಕ್ಷ್ಮಮ್ಮನಾ ಎಂದು ಕೇಳಬಾರದಂತೆ. ಹೆದರಿಕೆಯಲ್ಲಿರುವ ಮನುಷ್ಯರು ಯಾವ ಹೆಸರಿಗೂ ಹೂಂ ಎನ್ನುತ್ತಾರೆ. ನಿಮ್ಮ ಹೆಸರು ನೀವೇ ಹೇಳಿ ಎನ್ನಬೇಕಂತೆ. ‘ಒಂದ್ಸಲ ಕೇಳದೆ ಕರ್ಕೊಂಡೋಗಿ ಎಡಗಾಲಿನೋರಿಗೆ ಬಲಗಾಲು ತೊಳೆದಿಟ್ಟಿದ್ರು ಬಸವರಾಜಣ್ಣ. ಡಾಕ್ಟರ್ ನೋಡಿದ್ರು ಅಂತ ಉಳೀತು ಆ ಕಾಲು,’ ಎಂದಿದ್ದರು.

ಕಾಲ ಬದಲಾಯಿತು, ಕೆಲಸದ ರೀತಿ ಬದಲಾಯಿತು. ಕಂಪ್ಯೂಟರ್ ಬಂದ ಹೊಸದರಲ್ಲಿ ರಿಟರ್ನ್ ಆನ್‌ಲೈನ್ ಹೋಗುತ್ತಿತ್ತು, ಆದರೆ ಸಹಿ ಹಾಕಿದ ಒಂದು ಹಾಳೆಯನ್ನು ಅಂಚೆಯಲ್ಲಿ ಕಳಿಸಬೇಕಿತ್ತು. ಇಡೀ ದೇಶದ ಹಾಳೆಗಳು ಬರುತ್ತಿದ್ದುದು ನಮ್ಮ ಬೆಂಗಳೂರಿಗೇ. ಜೆ.ಪಿ. ನಗರದ ಒಬ್ಬರು, ಹೊಸೂರು ರಸ್ತೆಯಲ್ಲಿ ತಾನೇ ಸಾರ್, ಸ್ಕೂಟರಲ್ಲಿ ಹೋಗಿ ಕೊಟ್ಟು ಬರ್ತೀನಿ ಎಂದು ಹಟ ಹಿಡಿದರು. ಅಂಚೆಯಲ್ಲೇ ಬರಬೇಕೆಂಬ ನಿಯಮ ಹೇಳಿದೆ. ಕೊನೆಗೆ ಹೋಗಿಯೇ ಹೋದರು, ಗೇಟಿನಿಂದ ವಾಪಸು ಬಂದು ನಾಲ್ಕನೇ ಬ್ಲಾಕಿನ ಅಂಚೆ ಡಬ್ಬಕ್ಕೆ ಹಾಕಿದರು. ಇನ್ನೊಬ್ಬರು ಎಲ್ಲ ಮುಗಿಸಿ ಆ ಹಾಳೆಯನ್ನು ದೇವರ ಮನೆಯಲ್ಲಿಟ್ಟು ಪೂಜೆ ಮಾಡಿ, ಕಳಿಸುವುದನ್ನೇ ಮರೆತರು. ಕಳಿಸದ ರಿಟರ್ನ್ ಸಲ್ಲಿಸದ ರಿಟರ್ನಿಗೆ ಸಮ. ಈಗ ಹಾಳೆಯ ಜಾಗಕ್ಕೆ ಒಟಿಪಿ ಬಂದಿದೆ, ಆದರೆ ಮರೆಯುವವರು ಈಗಲೂ ಮರೆಯುತ್ತಾರೆ. ಸಲ್ಲಿಸಿದ ಮೇಲೆ ದೃಢೀಕರಣ ಆಯಿತೇ ಎಂದು ಕಣ್ಣಾರೆ ನೋಡಿ ಎದ್ದೇಳಿ.

ದೊಡ್ಡ ಬದಲಾವಣೆ ಬಂದದ್ದು ಆಮೇಲೆ. ಫಾರಂ ತುಂಬಿಕೊಂಡೇ ಬರಲು ಶುರುವಾಯಿತು. ಬ್ಯಾಂಕಿನ ಬಡ್ಡಿ, ಪಿಂಚಣಿ, ಕಡಿತವಾದ ತೆರಿಗೆ, ಎಲ್ಲವೂ ಪ್ಯಾನ್ ಸಂಖ್ಯೆ ಹಿಡಿದು ತಾನೇ ಬಂದು ಕೂರುತ್ತದೆ. ಕೆಲಸ ಹಗುರಾಯಿತು ಎಂದು ನಾನೂ ಕುಣಿದೆ. ಆದರೆ ಒಂದು ಮಾತು. ನಾವೇ ಬರೆಯುತ್ತಿದ್ದಾಗ ಪ್ರತಿ ಅಂಕಿಯೂ ನಮ್ಮ ಬೆರಳಿನಿಂದ ಹಾದು ಹೋಗುತ್ತಿತ್ತು, ಬೆರಳಿಗೆ ಅನುಮಾನ ಬರುತ್ತಿತ್ತು. ತುಂಬಿಕೊಂಡು ಬಂದ ಫಾರಂ ಕಂಡರೆ ಕಣ್ಣಿಗೆ ಅನುಮಾನ ಬರುವುದಿಲ್ಲ.

ಈಗ ಆ ಬೆಳಿಗ್ಗೆಗೆ ಬರುತ್ತೇನೆ.

ರುದ್ರಪ್ಪ ಸಾರ್ ಆ ವರ್ಷ ಆಫೀಸಿಗೆ ಬರುವುದನ್ನು ನಿಲ್ಲಿಸಿದ್ದರು. ಆಫೀಸನ್ನು ನಾನು ಮತ್ತು ರೇಖಾ ನೋಡಿಕೊಳ್ಳುತ್ತಿದ್ದೆವು. ರೇಖಾ ಶ್ರೀನಗರದ ಹುಡುಗಿ, ಬಿ.ಕಾಂ. ಮುಗಿಸಿ ನಮ್ಮಲ್ಲಿಗೆ ಬಂದು ಮೂರು ವರ್ಷವಾಗಿತ್ತು, ಚುರುಕು. ಒಂಬತ್ತು ಗಂಟೆಗೆ ಬಾಗಿಲು ತೆಗೆದಾಗಲೇ ಮೆಟ್ಟಿಲ ಮೇಲೆ ಹದಿನಾಲ್ಕು ಜನ. ವೆಬ್‌ಸೈಟು ಒಮ್ಮೆ ಬರುತ್ತದೆ, ಒಮ್ಮೆ ಬಿಳಿ ತೆರೆ ತೋರಿಸಿ ಸುಮ್ಮನಾಗುತ್ತದೆ. ಬಂದ ಗಳಿಗೆಯಲ್ಲಿ ಕೆಲಸ ಮುಗಿಸಬೇಕು. ಹತ್ತೂವರೆಯ ಹೊತ್ತಿಗೆ ನಾನು ರೇಖಾಳಿಗೆ ಒಂದು ಮಾತು ಹೇಳಿದೆ. ಹೇಳಿದ್ದು ನಾನೇ, ಅವಳ ತಲೆಗೆ ಕಟ್ಟುವುದಿಲ್ಲ.

‘ಇವತ್ತೊಂದಿನ ಸಾಲು ಸಾಲು ಬೇಡಮ್ಮ. ಒಟ್ಟು ಮಾತ್ರ ಓದು, ಸಾಕು.’

ಸುಜಾತಮ್ಮನ ಒಟ್ಟು ನೋಡಿ ಎಲ್ಲರಿಗೂ ಖುಷಿಯಾಗಿತ್ತು. ಪ್ರತಿ ವರ್ಷ ಅವರಿಗೆ ಸಣ್ಣ ರೀಫಂಡು ಬರುತ್ತಿತ್ತು. ಈ ವರ್ಷ ಹತ್ತಾರು ಪಟ್ಟು ತೋರಿಸುತ್ತಿತ್ತು. ಬ್ಯಾಂಕಿನವರು ಠೇವಣಿಯ ಮೇಲೆ ಜಾಸ್ತಿ ಹಿಡಿದಿರಬೇಕು ಎಂದಳು ರೇಖಾ. ಇರಬೇಕು ಎಂದೆ ನಾನು. ಇಡೀ ಮೂವತ್ತೆಂಟು ವರ್ಷದ ಕೆಲಸದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಯಾವುದೆಂದು ಕೇಳಿದರೆ, ಆ ‘ಇರಬೇಕು’.

ಸುಜಾತಮ್ಮ ನಾಲ್ಕು ಅಂಕಿ ಹೇಳಿ ನಿಲ್ಲಿಸಿದಾಗ ರೇಖಾಳ ಬೆರಳು ಕೀಲಿಮಣೆಯ ಮೇಲೆ ಹಾಗೇ ನಿಂತಿತು.

‘ಮುಂದೆ ಹೇಳಿ ಆಂಟಿ, ಟೈಮ್ ಔಟ್ ಆಗೋಗುತ್ತೆ,’ ಎಂದಳು.

‘ಆಗ್ಲಿ. ನನ್ನ ಹತ್ರ ನನ್ನದು ಅನ್ನಿಸ್ಲೇ ಇಲ್ವಲ್ಲಮ್ಮ ನೀನು.’

ಇವತ್ತು ರಶ್ಶು ಜಾಸ್ತಿ, ಎಲ್ಲ ಸರಿಯಾಗಿದೆ ಎಂದು ನಾನು ಹೇಳಿದೆ. ಬಾಗಿಲ ಬಳಿ ನಿಂತಿದ್ದವರು ಗೊಣಗಿದರು. ಒಬ್ಬರಂತೂ, ಆಂಟಿ, ರೀಫಂಡ್ ಬರ್ತಿದೆ ಅಂದ್ರೆ ಯಾರಾದ್ರೂ ಬೇಡ ಅಂತಾರಾ ಎಂದರು. ಸುಜಾತಮ್ಮ ಅವರ ಕಡೆ ತಿರುಗಲೂ ಇಲ್ಲ. ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟು ಅದರ ಮೇಲೆ ಅಂಗೈ ಇಟ್ಟರು.

‘ಹತ್ತೊಂಬತ್ತು ವರ್ಷ ನೀವೇ ಹೇಳ್ಸಿದ್ದು ಬಸವರಾಜಣ್ಣ. ಇವತ್ತು ರಶ್ಶು ಅಂದ್ರೆ, ರಶ್ಶಿರೋ ದಿನಾನೇ ಕಾಲು ಅದಲುಬದಲಾಗೋದು. ಓದ್ಸಿ.’

ನನಗೆ ನಾಚಿಕೆಯಾಯಿತು. ಓದು ಎಂದೆ. ರೇಖಾ ಓದತೊಡಗಿದಳು. ಹೆಸರು. ‘ನನ್ನದು.’ ಬ್ಯಾಂಕ್ ಖಾತೆ. ‘ನನ್ನದು.’ ಪಿಂಚಣಿ. ‘ನನ್ನದು.’ ಠೇವಣಿಯ ಬಡ್ಡಿ. ‘ನನ್ನದು.’ ಠೇವಣಿಯ ಮೇಲೆ ಬ್ಯಾಂಕ್ ಹಿಡಿದ ತೆರಿಗೆ. ‘ನನ್ನದು.’ ಆಮೇಲೆ ಕಡಿತವಾದ ತೆರಿಗೆಯ ಪಟ್ಟಿಯಲ್ಲಿ ಇನ್ನೊಂದು ಸಾಲು. ಹಿಡಿದವರ ಹೆಸರಿನ ಜಾಗದಲ್ಲಿ ಬ್ಯಾಂಕ್ ಇರಲಿಲ್ಲ. ಗಂಗಾಧರ್ ಎಂಬ ಒಬ್ಬ ವ್ಯಕ್ತಿಯ ಹೆಸರಿತ್ತು.

‘ಯಾರಮ್ಮ ಅದು ಗಂಗಾಧರ್?’ ಎಂದರು ಸುಜಾತಮ್ಮ. ಸ್ವಲ್ಪ ಹೊತ್ತು ಯೋಚಿಸಿದರು. ‘ನನ್ನದಲ್ಲ.’

ಆ ಪದವನ್ನು ನಾನು ನಮ್ಮ ಆಫೀಸಿನಲ್ಲಿ ಹೆಚ್ಚೆಂದರೆ ಹತ್ತು ಸಲ ಕೇಳಿದ್ದೇನೆ. ಬಗ್ಗಿ ತೆರೆ ನೋಡಿದೆ. ಆ ಸಾಲಿನ ತುದಿಯಲ್ಲಿ, ಯಾವ ಕಾರಣಕ್ಕೆ ತೆರಿಗೆ ಹಿಡಿದರು ಎನ್ನುವ ಕಡೆ, ಸ್ಥಿರಾಸ್ತಿ ಮಾರಾಟದ ಸೆಕ್ಷನ್ ಇತ್ತು. ನಮ್ಮ ಕೆಲಸದವರಿಗೆಲ್ಲ ಗೊತ್ತಿರುವಂತೆ, ದೊಡ್ಡ ಬೆಲೆಯ ಆಸ್ತಿ ಕೊಳ್ಳುವವರು ಬೆಲೆಯಲ್ಲಿ ನೂರಕ್ಕೊಂದು ಪಾಲನ್ನು ಹಿಡಿದು, ಮಾರುವವರ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಆ ದುಡ್ಡನ್ನು ರೀಫಂಡಾಗಿ ವಾಪಸು ಕೇಳಿದರೆ ಮಾರಾಟವನ್ನು ಒಪ್ಪಿಕೊಂಡಂತೆ. ರೇಖಾ ನಾನು ಹೇಳುವ ಮುಂಚೆಯೇ, ಒಂದು ಪ್ಯಾನಿನ ಮೇಲೆ ವರ್ಷದಲ್ಲಿ ನಡೆದ ವ್ಯವಹಾರಗಳೆಲ್ಲ ಇರುವ ವಾರ್ಷಿಕ ಮಾಹಿತಿಯ ಪಟ್ಟಿ ತೆರೆದಳು. ಅಲ್ಲೂ ಇತ್ತು: ಸ್ಥಿರಾಸ್ತಿ ಮಾರಾಟ, ನೋಂದಣಿಯಾಗಿದೆ, ಮಾರಿದವರು ಸುಜಾತಮ್ಮ. ವಿಳಾಸ, ಜೆ.ಪಿ. ನಗರ ಎಂಟನೇ ಹಂತ.

‘ನಿಮ್ಮ ಸೈಟ್ ಏನಾದ್ರೂ ಮಾರಿದ್ರಾ ಆಂಟಿ?’ ರೇಖಾ ಕೇಳಿದಳು.

ಸುಜಾತಮ್ಮ ಬಗ್ಗಿ ತೆರೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ವಿಳಾಸವನ್ನು ತಾವೇ ಓದಿದರು.

ಆ ಸೈಟಿನ ಕಥೆ ನನಗೆ ಗೊತ್ತಿತ್ತು. ಸುಜಾತಮ್ಮನ ಗಂಡ ಪ್ರೆಸ್ಸೊಂದರಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಕೆಲಸದಲ್ಲಿದ್ದರು. ಇಬ್ಬರ ಪಿ.ಎಫ್. ಸಾಲ ಸೇರಿಸಿ, ಸುಜಾತಮ್ಮನ ಹೆಸರಿನಲ್ಲಿ ಮೂವತ್ತು ನಲವತ್ತರ ಸೈಟು ಕೊಂಡಿದ್ದರು. ಮನೆ ಕಟ್ಟುವ ಮುಂಚೆ ಗಂಡ ತೀರಿಕೊಂಡರು. ತಗಡಿನ ಮೇಲೆ ಗಂಡ ತಾವೇ ಬಣ್ಣದಲ್ಲಿ ‘ಈ ಸೈಟ್ ಮಾರಾಟಕ್ಕಿಲ್ಲ’ ಎಂದು ಬರೆದು ನೆಟ್ಟಿದ್ದ ಬೋರ್ಡು ಅಲ್ಲಿತ್ತು. ಸುಜಾತಮ್ಮ ವರ್ಷಕ್ಕೊಮ್ಮೆ ಹೋಗಿ ಅದರ ಧೂಳು ಒರೆಸಿ ಬರುತ್ತಿದ್ದರು.

ರೇಖಾ ಆ ಸಾಲನ್ನು ಫಾರಂನಿಂದ ತೆಗೆಯಲು ಹೊರಟಳು. ನಿಲ್ಲು ಎಂದೆ, ಮೊದಲು ಇದ್ದದ್ದನ್ನು ಇದ್ದ ಹಾಗೆ ಪ್ರಿಂಟ್ ತೆಗೆ. ತೆಗೆದಳು. ಮಾಹಿತಿ ಪಟ್ಟಿಯಲ್ಲಿ ಆ ಮಾರಾಟದ ಎದುರು, ಇದು ನನಗೆ ಸಂಬಂಧಿಸಿದ್ದಲ್ಲ ಎಂಬ ಆಕ್ಷೇಪ ದಾಖಲಿಸಿದೆವು, ಅದರ ಪ್ರಿಂಟನ್ನೂ ತೆಗೆದೆವು. ಆಮೇಲೆ ಆ ತೆರಿಗೆಯನ್ನು ಬಿಟ್ಟು ರಿಟರ್ನ್ ಮತ್ತೆ ಸಿದ್ಧವಾಯಿತು. ರೀಫಂಡು ಎಂದಿನ ಸಣ್ಣ ಮೊತ್ತಕ್ಕೆ ಇಳಿಯಿತು. ಹಳೆಯ ಒಟಿಪಿ ಸತ್ತಿತ್ತು, ಹೊಸದು ಬಂತು. ಸುಜಾತಮ್ಮ ಈ ಸಲ ಮೊದಲಿಂದ ಎಲ್ಲ ಸಾಲಿಗೂ ‘ನನ್ನದು’ ಎಂದು ಮುಗಿಸಿ, ಆರೂ ಅಂಕಿ ಹೇಳಿದರು. ಅವರ ದನಿ ಗಟ್ಟಿಯಾಗಿತ್ತು.

‘ಆಟೋ ಹಿಡೀರಿ,’ ಎಂದರು.

ರೇಖಾಳನ್ನು ಕಾದು ನಿಂತ ಜನರ ಮಧ್ಯೆ ಬಿಟ್ಟು ನಾನೂ ಅವರೂ ಹೊರಟೆವು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಒಂದೇ: ಬೋರ್ಡ್ ಇರುತ್ತೆ ಅಂತೀರಾ? ನಾನು ಈ ಸಲ ‘ಇರಬೇಕು’ ಎನ್ನಲಿಲ್ಲ.

ಬೋರ್ಡು ಇರಲಿಲ್ಲ. ಸೈಟಿನ ತುಂಬ ಸುಣ್ಣದ ಗೆರೆ ಎಳೆದಿದ್ದರು. ಎಲ್ಲಿ ಅಡುಗೆಮನೆ, ಎಲ್ಲಿ ಕೋಣೆ ಎಂದು ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಸೈಜುಗಲ್ಲಿನ ರಾಶಿ. ಲಾರಿ ಆಗತಾನೆ ಹೋಗಿತ್ತು. ಗುಂಡಿ ಮಾತ್ರ ತೋಡಿರಲಿಲ್ಲ. ಕಲ್ಲಿನ ಪಕ್ಕ ಕೊಡೆ ಹಿಡಿದು ನಲವತ್ತೈದರ ಆಸುಪಾಸಿನ ಒಬ್ಬರು ನಿಂತಿದ್ದರು.

‘ಯಾರ್ ಬೇಕಿತ್ತು ಮೇಡಂ?’ ಎಂದರು.

‘ನಾನು ಸುಜಾತ.’

‘ಯಾವ ಸುಜಾತ?’

‘ನಿಮಗೆ ಈ ಸೈಟ್ ಮಾರಿದೀನಲ್ಲ, ಆ ಸುಜಾತ.’

ಅವರೇ ಗಂಗಾಧರ್. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಮೇಷ್ಟ್ರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಪ್ರಿಂಟ್ ತೋರಿಸಿದೆ. ಸುಜಾತಮ್ಮ ಬ್ಯಾಗಿನಿಂದ ತಮ್ಮ ನಿವೃತ್ತ ನೌಕರರ ಗುರುತಿನ ಚೀಟಿ ತೆಗೆದು ಕೈಗೆ ಕೊಟ್ಟರು. ಅವರು ಅದನ್ನು ನೋಡಿದರು, ಸುಜಾತಮ್ಮನನ್ನು ನೋಡಿದರು, ಫೋನಿನಲ್ಲಿದ್ದ ಕ್ರಯಪತ್ರದ ಪುಟ ತೆಗೆದರು. ಅಲ್ಲಿ ಮಾರುವವರ ಭಾವಚಿತ್ರದ ಜಾಗದಲ್ಲಿ ಬೇರೆ ಯಾರೋ ಹೆಂಗಸು ಇದ್ದರು. ಸುಜಾತಮ್ಮನ ಹೆಸರು, ಸುಜಾತಮ್ಮನ ಪ್ಯಾನ್, ಮುಖ ಬೇರೆ.

ಸುಜಾತಮ್ಮ ಕನ್ನಡಕ ಸರಿಮಾಡಿಕೊಂಡು ಆ ಚಿತ್ರವನ್ನು ನೋಡಿದರು. ‘ನನಗಿಂತ ಚೆನ್ನಾಗಿದಾಳೆ,’ ಎಂದರು.

ಗಂಗಾಧರ್ ಮೇಷ್ಟ್ರ ತುಟಿ ಬಿಳಿಚಿಕೊಂಡಿತ್ತು.

‘ಟ್ಯಾಕ್ಸ್ ಕಟ್ಟೋದೇನೂ ಬೇಡ, ಅದನ್ನೂ ಸೇರಿಸಿ ಕೈಗೇ ಕೊಟ್ಬಿಡಿ ಅಂದ್ರು ಮೇಡಂ, ಮಾರೋಕೆ ಬಂದಿದ್ದವರು,’ ಎಂದರು. ‘ನಾನು ಒಪ್ಪಲಿಲ್ಲ. ಕಾನೂನು ಏನಿದೆಯೋ ಹಂಗೇ ಕಟ್ತೀನಿ ಅಂದೆ. ನಿಮ್ಮ ಹೆಸರಿಗೇ ಕಟ್ಟಿದೀನಿ.’

‘ಕಟ್ಟಿದ್ದಕ್ಕೇ ನಾನು ಇಲ್ಲಿಗೆ ಬಂದಿದ್ದು,’ ಎಂದರು ಸುಜಾತಮ್ಮ. ಅಷ್ಟರಲ್ಲಿ ಅವರು ಮೇಷ್ಟ್ರ ಮಣಿಕಟ್ಟು ಹಿಡಿದಿದ್ದರು. ಜಗಳಕ್ಕಲ್ಲ, ನಾಡಿ ನೋಡಲು. ಕಲ್ಲಿನ ರಾಶಿಯ ಮೇಲೆ ಅವರನ್ನು ಕೂರಿಸಿ, ತಲೆ ಬಗ್ಗಿಸಿಕೊಳ್ಳಿ ಎಂದು ಹೇಳಿ, ತಮ್ಮ ಬಾಟಲಿಯ ನೀರು ಕುಡಿಸಿದರು.

ಗುಂಡಿ ಯಾಕೆ ತೋಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮೇಷ್ಟ್ರ ಮನೆಯವರು ಆಷಾಢ ಕಳೆಯಲಿ ಎಂದು ಕಾಯುತ್ತಿದ್ದರು, ಮುಂದಿನ ವಾರ ಗುದ್ದಲಿ ಪೂಜೆ ಇತ್ತು. ಒಂದು ವಾರ. ಪಾಯ ಎದ್ದಿದ್ದರೆ, ಜೊತೆಗೆ ಸುಜಾತಮ್ಮನದೇ ರಿಟರ್ನಿನಲ್ಲಿ ಮಾರಾಟ ಒಪ್ಪಿದ್ದರೆ, ಎಷ್ಟು ವರ್ಷ ಕೋರ್ಟು ಅಲೆಯಬೇಕಾಗುತ್ತಿತ್ತೋ ಎಂದು ಅವರ ವಕೀಲರು ನಂತರ ನನಗೆ ಹೇಳಿದರು. ಆ ದಿನವೇ ಸುಜಾತಮ್ಮನೂ ಮೇಷ್ಟ್ರೂ ಒಟ್ಟಿಗೆ ಪೊಲೀಸ್ ಠಾಣೆಗೆ ಹೋದರು, ಅದೇ ಆಟೋದಲ್ಲಿ. ನಾನು ಬಸ್ಸಿನಲ್ಲಿ ಆಫೀಸಿಗೆ ಬಂದೆ. ಉಳಿದ ಜನರಲ್ಲಿ ಒಬ್ಬೊಬ್ಬರಿಗೂ ಸಾಲು ಸಾಲಾಗಿ ಓದಿದೆವು. ಯಾರೂ ಗೊಣಗಲಿಲ್ಲ.

ಖೋಟಾ ಪತ್ರ ಮಾಡಿದವರು ಯಾರು, ಕಾಗದ ಹೇಗೆ ಸಿಕ್ಕಿತು ಎಂಬುದನ್ನು ನಾನು ಕಂಡಿಲ್ಲ, ಬರೆಯುವುದಿಲ್ಲ. ಕೋರ್ಟಿನಲ್ಲಿ ಕ್ರಯಪತ್ರ ರದ್ದಾಯಿತು. ನಮ್ಮ ಎರಡು ಪ್ರಿಂಟುಗಳು ಅಲ್ಲಿ ದಾಖಲೆಯಾಗಿ ಹೋದವು. ಗಂಗಾಧರ್ ಮೇಷ್ಟ್ರಿಗೆ ದುಡ್ಡು ಎಷ್ಟು ವಾಪಸು ಬಂತು ಎಂದು ನಾನು ಕೇಳಿಲ್ಲ, ಕೇಳಲು ಬಾಯಿ ಬರಲಿಲ್ಲ.

ಆ ವಾರದ ಭಾನುವಾರ ರುದ್ರಪ್ಪ ಸಾರ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಒಟ್ಟು ಮಾತ್ರ ಓದು ಎಂದು ನಾನು ಹೇಳಿದ್ದನ್ನೂ ಸೇರಿಸಿ. ಸಾರ್ ಹಾಸಿಗೆಯಲ್ಲಿದ್ದರು.

‘ನಿಲ್ಸಿದ್ದು ಯಾರು? ನೀನಾ, ಅವರಾ?’

‘ಅವರು ಸಾರ್.’

‘ಹಂಗಾದ್ರೆ ಇನ್ಮೇಲೆ ಅವರ ಹತ್ರ ಫೀಸ್ ತಗೋಬೇಡ.’

ಮರುವರ್ಷ ನಾನು ನಿವೃತ್ತನಾದೆ. ನಿಮಗೆ ಹೇಳುವುದು ಇಷ್ಟೇ. ಖಾತೆಯ ಸಂಖ್ಯೆಯನ್ನು ಹಿಂದಿನಿಂದ ಮುಂದಕ್ಕೂ ಒಮ್ಮೆ ಓದಿ. ರೀಫಂಡು ಜಾಸ್ತಿ ಕಂಡರೆ ಖುಷಿಪಡುವ ಮುಂಚೆ ಯಾರು ಕೊಟ್ಟರು ಎಂದು ನೋಡಿ. ಎದುರಿಗೆ ಕೂತವರ ‘ಹೂಂ’ ತೆಗೆದುಕೊಳ್ಳಬೇಡಿ. ರಶ್ಶಿರುವ ದಿನ ಇನ್ನೂ ನಿಧಾನವಾಗಿ ಓದಿ.

ಇದನ್ನು ಕಂಡವರಲ್ಲಿ ಈಗ ಇರುವವರ ಹೆಸರು ಬರೆದಿಡುತ್ತೇನೆ, ಅನುಮಾನ ಬಂದರೆ ಕೇಳಬಹುದು. ರುದ್ರಪ್ಪ ಸಾರ್ ಇಲ್ಲ. ಆಟೋದವರ ಹೆಸರು ನಾನು ಕೇಳಿರಲಿಲ್ಲ. ರೇಖಾ ಬನಶಂಕರಿಯಲ್ಲಿ ತನ್ನದೇ ಆಫೀಸು ಇಟ್ಟಿದ್ದಾಳೆ. ನಾಲ್ಕು ಅಂಕಿಗೆ ಅವಳು ಸಾಕ್ಷಿ. ಸುಜಾತಮ್ಮ ಸಿದ್ದಾಪುರದಲ್ಲೇ ಇದ್ದಾರೆ, ಸೈಟಿನಲ್ಲಿ ಹೊಸ ಬೋರ್ಡಿದೆ. ಕಳೆದ ವಾರ ಅವರ ಮನೆಗೆ ಹೋಗಿ ಈ ಬರಹವನ್ನು ಸಾಲು ಸಾಲಾಗಿ ಓದಿದೆ. ಅವರ ಬಾಯಲ್ಲಿ ಬಂದ ಪ್ರತಿ ಮಾತಿಗೂ ‘ನನ್ನದು’ ಎಂದರು. ಫೋಟೋ ನೋಡಿ ಆಡಿದ ಮಾತಿಗೆ ಮಾತ್ರ, ‘ನನ್ನದಲ್ಲ, ಹೊಡೆದಾಕಿ,’ ಎಂದರು.

ನಾನು ಹೊಡೆದು ಹಾಕಿಲ್ಲ. ಆ ಮಾತನ್ನು ಕೇಳಿದವರು ಇನ್ನೊಬ್ಬರು ಇದ್ದಾರೆ: ಗಂಗಾಧರ್ ಮೇಷ್ಟ್ರು, ಬಿಟಿಎಂ ಲೇಔಟು, ಅದೇ ಬಾಡಿಗೆ ಮನೆ.